ಶೇಲ್ ಗ್ಯಾಸಿನ ‘ಫ್ರಾಕಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಲೇಜಿನ ವಸ್ತುಪ್ರದರ್ಶನಕ್ಕೆ ಫಲಕ ಬರೆಸುತ್ತಿದ್ದೇನೆ. ಫ್ರಾಕಿಂಗ್ ಬಗ್ಗೆ ಎಲ್ಲೆಲ್ಲಿ ಏನು ಕಾನೂನಿದೆ ಅನ್ನುವುದು ವಿಷಯ. ನೀರಿಗೆ ಮರಳು, ಸ್ವಲ್ಪ ರಾಸಾಯನಿಕ ಬೆರೆಸಿ, ಕಿಲೋಮೀಟರುಗಟ್ಟಲೆ ಆಳದಲ್ಲಿರುವ ಶೇಲ್ ಅನ್ನುವ ಕಲ್ಲಿಗೆ ಭಾರೀ ಒತ್ತಡದಲ್ಲಿ ನುಗ್ಗಿಸಿ, ಬಿರುಕು ಬಿಡಿಸಿ ಗ್ಯಾಸ್ ತೆಗೆಯುತ್ತಾರಲ್ಲ, ಅದು. ಕೈಗೆ ಬಂದ ಕರಡಿನಲ್ಲಿ ‘ಜಲೀಯ ವಿಭಂಜನೆ’ ಅಂತಿದೆ. ಓದಿದವರಿಗೆ ಏನೂ ತಿಳಿಯುವುದಿಲ್ಲ. ರೆಗ್ಯುಲೇಷನ್‌ಗೆ ‘ನಿಯಂತ್ರಣ’ ಸಾಕಾ? ಬೋರ್ಡ್ ಬರೆಯುವವರು ಆರು ಗಂಟೆಗೆ ಬರುತ್ತಾರೆ.

ಚಿಕ್ಕಮಗಳೂರಿನಿಂದ:

ಇದರಲ್ಲಿ ಕೇಳುವುದೇನಿದೆ? ‘ಬಿರಿ’ ಇದೆಯಲ್ಲ. ಮಲ್ಲಿಗೆ ಬಿರಿಯುತ್ತದೆ, ನೆಲ ಬಿರಿಯುತ್ತದೆ, ‘ಬಿರುಕು’ ಹುಟ್ಟಿದ್ದೂ ಅಲ್ಲೇ. ನೀರ್ಬಿರಿತ. ಮುಗೀತು. ವಿಭಂಜನೆಯನ್ನು ಹೇಮಾವತಿಗೆ ಬಿಡಿ.

ಅರಸೀಕೆರೆಯಿಂದ:

ಮಲ್ಲಿಗೆ ತಾನಾಗಿ ಬಿರಿಯುತ್ತದೆ ಸ್ವಾಮಿ, ಪಂಪು ಹಾಕಿ ಯಾರೂ ಬಿರಿಸುವುದಿಲ್ಲ. ಇನ್ನೊಂದು ತೊಡಕಿದೆ. ಬತ್ತಿದ ಬೋರಿಗೆ ಒತ್ತಡದ ನೀರು ಬಿಟ್ಟು ಬಂಡೆಯ ಸೀಳು ಬಿಡಿಸುವ ಕೆಲಸವೂ ಉಂಟು. ಬರೀ ‘ನೀರು’ ಇಟ್ಟು ಪದ ಕಟ್ಟಿದರೆ ನಮ್ಮ ಕಡೆಯವರು ಬೋರ್ ರಿಪೇರಿ ಅಂದುಕೊಳ್ಳುತ್ತಾರೆ. ಮರ ಕೊಯ್ಯುವಾಗ ಗರಗಸ ಕಚ್ಚದಿರಲಿ ಅಂತ ಸೀಳಿಗೆ ಬೆಣೆ ಕೊಡುತ್ತಾರಲ್ಲ, ಇಲ್ಲಿ ಮರಳಿನದು ಆ ಕೆಲಸ. ಸೀಳು ಮತ್ತೆ ಮುಚ್ಚಬಾರದು. ಹಾಗಾಗಿ ‘ಬಂಡೆ ಸೀಳಿ ಗ್ಯಾಸ್ ತೆಗೆಯುವುದು’ ಅನ್ನಿ. ಉದ್ದವಾದರೆ ಆಗಲಿ. ‘ಶೇಲ್’ ಅಂತ ಒಂದೇ ಬರೆಯಬೇಡಿ, ಗ್ಯಾಸ್ ಸೇಲ್ ಅಂತ ಓದಿ ಸಿಲಿಂಡರ್ ಕೇಳಿಕೊಂಡು ಬಂದಾರು. ಆ ಕಲ್ಲಿಗೆ ಕನ್ನಡದಲ್ಲಿ ‘ಜೇಡಿಗಲ್ಲು’ ಅಂತಾರೆ, ಅದನ್ನು ಸೇರಿಸಿ.

‘ನಿಯಂತ್ರಣ’ವನ್ನು ಎಲ್ಲದಕ್ಕೂ ಮೆತ್ತಬೇಡಿ. 2011ರಲ್ಲಿ ಫ್ರಾನ್ಸ್ ಮಾಡಿದ್ದು ನಿಷೇಧ. 2019ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು ತಡೆ. 2022ರಲ್ಲಿ ಅದನ್ನು ತೆಗೆದು, ತಿಂಗಳೊಪ್ಪತ್ತಿನಲ್ಲೇ ಮತ್ತೆ ಹಾಕಿದರು. ನಿಷೇಧಕ್ಕೂ ತಡೆಗೂ ಇರುವ ಫರಕು ಅದೇ. ಅಮೆರಿಕ 2005ರಲ್ಲಿ ಕುಡಿಯುವ ನೀರಿನ ಕಾಯ್ದೆಯಿಂದ ಇದನ್ನು ಹೊರಗಿಟ್ಟಿತು, ಡೀಸೆಲ್ ಬಳಸಿದರೆ ಮಾತ್ರ ಕಾಯ್ದೆ ಹಿಡಿಯುತ್ತದೆ. ಅದು ವಿನಾಯಿತಿ. ವಿನಾಯಿತಿಗೆ ‘ನಿಯಂತ್ರಣ’ ಅಂದರೆ ಸುಳ್ಳು ಹೇಳಿದ ಹಾಗೆ. ತಮಿಳುನಾಡನ್ನೂ ಸೇರಿಸಿ. ಕಾವೇರಿ ಡೆಲ್ಟಾದಲ್ಲಿ ಶೇಲ್ ಗ್ಯಾಸ್ ಹುಡುಕುವುದನ್ನೂ ತೆಗೆಯುವುದನ್ನೂ 2020ರ ಕಾಯ್ದೆ ನಿಷೇಧಿಸಿದೆ. ನಮ್ಮ ಹೇಮಾವತಿ ಹೋಗಿ ಸೇರುವುದು ಅದೇ ಕಾವೇರಿಗೆ ಅಲ್ವಾ?

ಚಿಕ್ಕಮಗಳೂರಿನಿಂದ:

ನೀವು ಹೇಳಿದ್ದು ಪದವಲ್ಲ, ವಾಕ್ಯ. ಅದರಲ್ಲೂ ‘ಗ್ಯಾಸ್’! ಸಾಲ ತಂದು ಮನೆ ಕಟ್ಟುವ ಚಟ ಯಾವಾಗ ಬಿಡುತ್ತೀರಿ?

ಅರಸೀಕೆರೆಯಿಂದ:

‘ಅನಿಲ’ ಯಾರ ಮನೆಯದು? ಅದೂ ಸಂಸ್ಕೃತದ ಸಾಲ, ಅಲ್ಲೂ ಬರೀ ಗಾಳಿ ಅಂತ ಅರ್ಥ. ಇನ್ನು ‘ಗ್ಯಾಸ್’ ಇಂಗ್ಲಿಷರ ಸ್ವಂತ ಆಸ್ತಿಯಲ್ಲ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅನ್ನುವ ರಸಾಯನ ವಿಜ್ಞಾನಿ ಗ್ರೀಕಿನ ‘ಖಾವೋಸ್’ ಹಿಡಿದು ಕಟ್ಟಿದ್ದು. ಇಂಗ್ಲಿಷರೂ ಸಾಲಗಾರರೇ. ಒಲೆ ಹಚ್ಚುವಾಗ ನಿಮ್ಮ ಮನೆಯಲ್ಲಿ ಏನಂತಾರೆ, ಸುಮ್ನೆ ಕೇಳಿದೆ.

ಚಿಕ್ಕಮಗಳೂರಿನಿಂದ:

ನಮ್ಮದು ಸೌದೆ ಒಲೆ.

ಹಾಸನದಿಂದ:

ಇಬ್ಬರಿಗೂ ಥ್ಯಾಂಕ್ಸ್. ಆರು ಗಂಟೆ ಆಗಿಯೇಹೋಯಿತು. ‘ಜೇಡಿಗಲ್ಲ ಬಂಡೆ ಸೀಳಿ ಗ್ಯಾಸ್: ಎಲ್ಲಿ ನಿಷೇಧ, ಎಲ್ಲಿ ತಡೆ, ಎಲ್ಲಿ ವಿನಾಯಿತಿ’ ಅಂತ ಬರೆಸಿದೆ. ‘ನೀರ್ಬಿರಿತ’ವನ್ನು ಕೆಳಗೆ ಸಣ್ಣಕ್ಷರದಲ್ಲಿ ಹಾಕಿಸಿದ್ದೇನೆ, ಬೇಜಾರಾಗಬೇಡಿ. ಬರೆದವರು ಅದನ್ನೇ ಎರಡು ಸಲ ಓದಿ, “ಸಾರ್, ನಮ್ಮ ಬೋರ್ ಬತ್ತಿದೆ, ಇದಕ್ಕೆ ಎಷ್ಟಾಗುತ್ತೆ?” ಅಂದರು.