ತಂಗಡಿ, ನೆಕ್ಕರಿಕೆ, ಕೇಪಳ: ಬೀಜ ಹುಟ್ಟುತ್ತಿಲ್ಲ, ಹುಟ್ಟಿದ್ದು ಉಳಿಯುತ್ತಿಲ್ಲ

ಪ್ರಶ್ನೆ:
ತಂಗಡಿ, ನೆಕ್ಕರಿಕೆ, ಕೇಪಳ ಈ ಮೂರು ಹೂಗಿಡಗಳ ಬೀಜಗಳನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ ಒಂದೇ ಟ್ರೇಗೆ ಹಾಕಿದ್ದೇನೆ. ಅರ್ಧ ಕೆಂಪು ಮಣ್ಣು, ಅರ್ಧ ಕೊಟ್ಟಿಗೆ ಗೊಬ್ಬರ. ಎಲ್ಲದರ ಮೇಲೂ ಅರ್ಧ ಇಂಚು ಮಣ್ಣು, ದಿನಕ್ಕೆರಡು ಸಲ ನೀರು, ಮೇಲೆ ಪ್ಲಾಸ್ಟಿಕ್ ಹಾಳೆ. ಎರಡು ತಿಂಗಳಾಗುತ್ತಾ ಬಂತು. ತಂಗಡಿ 40ಕ್ಕೆ 3 ಮಾತ್ರ ಹುಟ್ಟಿದೆ. ನೆಕ್ಕರಿಕೆ ಒಂದೂ ಇಲ್ಲ. ಕೇಪಳ ಚೆನ್ನಾಗಿ ಹುಟ್ಟಿತು, ಆದರೆ ಬುಡ ತೆಳ್ಳಗಾಗಿ ಒಂದೊಂದೇ ಮಲಗುತ್ತಿದೆ. ಬೀಜ ಹಳೆಯದಿರಬಹುದೇ?

ಉತ್ತರ 1:
ಬೀಜದ ಮೇಲೆ ತಪ್ಪು ಹೊರಿಸುವ ಮೊದಲು ತಂಗಡಿ ಬೀಜ ಹಾಕಿದ ಜಾಗ ಕೆದಕಿ ನೋಡಿ. ಹಾಕಿದಾಗ ಇದ್ದಷ್ಟೇ ಗಾತ್ರ, ಅಷ್ಟೇ ಗಟ್ಟಿ ಇದ್ದರೆ ಅದು ಸತ್ತಿಲ್ಲ, ನೀರನ್ನೇ ಕುಡಿದಿಲ್ಲ. ತಂಗಡಿ ಬೀಜದ ಸಿಪ್ಪೆಯೊಳಗೆ ನೀರು ಇಳಿಯುವುದಿಲ್ಲ. ತಣ್ಣೀರಲ್ಲಿ ಎಷ್ಟು ಹೊತ್ತು ಬಿಟ್ಟರೂ ಹೆಚ್ಚಿನವು ಹಾಗೇ ಇರುತ್ತವೆ. ಬೀಜ ಮೆತ್ತಗಾಗಿದ್ದು, ಒತ್ತಿದಾಗ ಕೊಳೆತ ವಾಸನೆ ಬಂದರೆ ಮಾತ್ರ ಬಿಸಾಡಿ. ದುಂಡನೆ ತೂತು ಇದ್ದರೆ ಹುಳ ತಿಂದಿದೆ, ಅದೂ ಬೇಡ.

ಗಟ್ಟಿ ಬೀಜಕ್ಕೆ ಎರಡು ದಾರಿ. ಕಡಿಮೆ ಇದ್ದರೆ ಒಂದೊಂದನ್ನೇ ಮರಳು ಕಾಗದಕ್ಕೆ ಉಜ್ಜಿ. ಬೀಜ ಕಾಯಿಗೆ ಅಂಟಿಕೊಂಡಿದ್ದ ತುದಿಯ ಹತ್ತಿರ ಮೊಳಕೆ ಇರುತ್ತದೆ, ಅದನ್ನು ಮುಟ್ಟಬೇಡಿ. ಅದರ ಎದುರು ತುದಿಯಲ್ಲಿ ಬಿಳಿ ತಿರುಳು ಚುಕ್ಕೆಯಷ್ಟು ಕಂಡೊಡನೆ ನಿಲ್ಲಿಸಿ. ಹೆಚ್ಚಿದ್ದರೆ ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿ ನಿಂತು ಸುಮಾರು 80 ಡಿಗ್ರಿಗೆ ಬಂದಾಗ ಬೀಜ ಹಾಕಿ. ನೀರು ಬೀಜದ ಹತ್ತರಷ್ಟಿರಲಿ. ಹಾಗೇ ಆರಲು ಬಿಟ್ಟು ಒಂದು ದಿನ ನೆನೆಯಲಿ. ಒಲೆ ಮೇಲಿಟ್ಟು ಬೇಯಿಸಿದರೆ ಎಲ್ಲವೂ ಸಾಯುತ್ತವೆ. ಉಬ್ಬಿದ್ದನ್ನು ಆರಿಸಿ ತಕ್ಷಣ ಬಿತ್ತಿ, ಉಬ್ಬದ್ದನ್ನು ಉಜ್ಜಿ ಮತ್ತೆ ನೆನೆಸಿ. ತಂಗಡಿಗೆ ಅರ್ಧ ಇಂಚು ಆಳ ಸರಿಯೇ.

ನೆಕ್ಕರಿಕೆಗೆ ಅದೇ ಅರ್ಧ ಇಂಚು ಮುಳುವಾಗಿದೆ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರ ತೀರಾ ಕಡಿಮೆ. ಅಷ್ಟು ಮಣ್ಣು ಸೀಳಿ ಮೇಲೆ ಬರಲಾರದು. ಹಣ್ಣಿನ ತಿರುಳನ್ನು ನೀರಲ್ಲಿ ಕಿವುಚಿ, ಸೋಸಿ, ಒಣ ಮರಳಿನ ಜೊತೆ ಬೆರೆಸಿ ಒದ್ದೆ ಮಣ್ಣಿನ ಮೇಲೆ ಉದುರಿಸಿ. ಹಲಗೆಯಿಂದ ಮೆಲ್ಲಗೆ ಒತ್ತಿ, ಮಣ್ಣು ಮುಚ್ಚಬೇಡಿ. ಬೆಳಕು ಬೇಕು, ನೇರ ಬಿಸಿಲು ಬೇಡ. ಇದು ಹುಳಿ ಮಣ್ಣಿನ ಗಿಡ. ಬೂದಿ, ಸುಣ್ಣ ಹತ್ತಿರ ತರಬೇಡಿ. ಗಡಸು ನೀರಿಗಿಂತ ಮಳೆ ನೀರು ಒಳ್ಳೆಯದು.

ಉತ್ತರ 2:
ಕೇಪಳಕ್ಕೆ ಆಗಿರುವುದು ಸಸಿ ಕೊಳೆ. ಮಣ್ಣಿನ ಮಟ್ಟದಲ್ಲೇ ಕಾಂಡ ನೀರು ಹಿಡಿದಂತಾಗಿ ಬೀಳುತ್ತದೆ. ಅರ್ಧದಷ್ಟು ಗೊಬ್ಬರ, ಅದರ ಮೇಲೆ ಮುಚ್ಚಿದ ಹಾಳೆ, ದಿನಕ್ಕೆರಡು ಸಲ ನೀರು: ಶಿಲೀಂಧ್ರಕ್ಕೆ ಇನ್ನೇನೂ ಬೇಡ. ಬಿದ್ದ ಸಸಿ ಎದ್ದೇಳುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನೊಂದಿಗೆ ತೆಗೆದುಬಿಡಿ. ಹಾಳೆ ಇವತ್ತೇ ತೆಗೆಯಿರಿ, ಮೇಲ್ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ. ಉಳಿದ ಸಸಿಗಳಿಗೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 3 ಗ್ರಾಂ ಬೆರೆಸಿ ಬುಡಕ್ಕೆ ಹಾಕಬಹುದು. ಅದರ ಜೊತೆಗೇ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲಬಹುದು.

ಮುಂದಿನ ಸಲ ಎರಡು ಪಾಲು ದಪ್ಪ ಮರಳು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಹಳೆಯ ಗೊಬ್ಬರ ಸಾಕು. ನೆಕ್ಕರಿಕೆಗೆ ಗೊಬ್ಬರವೂ ಬೇಡ. ಟ್ರೇಯನ್ನು ನೀರಿರುವ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ, ಮೇಲೆ ತೇವ ಕಂಡಾಗ ಎತ್ತಿ. ಕೇಪಳದ ಬೀಜವನ್ನು ಒಣಗಿಸಿ ಇಟ್ಟುಕೊಳ್ಳದೆ, ತಿರುಳು ತೊಳೆದು ಹಸಿಯಾಗಿಯೇ ಬಿತ್ತಿ.

ಪ್ರಶ್ನೆ ಕೇಳಿದವರು:
ಕೆದಕಿ ನೋಡಿದೆ, ತಂಗಡಿ ಬಹುಪಾಲು ಕಲ್ಲಿನಂತೆ ಗಟ್ಟಿಯಾಗಿಯೇ ಇದೆ. ಹುಟ್ಟಿದ ಮೂರನ್ನು ಯಾವಾಗ ಕೀಳಲಿ? ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಹಾಕಬೇಕೇ?

ಉತ್ತರ 1:
ಹಾಕಿದರೂ ಪ್ರಯೋಜನವಿಲ್ಲ. ಕಾಯಿ ಅವರೆಯಂತಿದ್ದರೂ ತಂಗಡಿಯ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ತಾಯಿಬೇರು ಬೇಗ ಕೆಳಗಿಳಿಯುತ್ತದೆ, ಟ್ರೇಯ ತಳ ಮುಟ್ಟಿ ಸುತ್ತಿಕೊಂಡರೆ ಗಿಡ ಕೊನೆಯವರೆಗೂ ಕುಂಠಿತ. ಆದ್ದರಿಂದ ಕಾಯದೆ ಈಗಲೇ, ಸಂಜೆ ಹೊತ್ತು, ಸುತ್ತಲ ಮಣ್ಣಿನ ಸಮೇತ ಚಮಚದಿಂದ ಎತ್ತಿ 8 ಇಂಚು ಆಳದ ಚೀಲಕ್ಕೆ ಹಾಕಿ, ನಾಲ್ಕೈದು ದಿನ ನೆರಳಲ್ಲಿಡಿ. ಹೊಸದಾಗಿ ಉಬ್ಬಿಸಿದ ಬೀಜಗಳನ್ನು ಟ್ರೇ ಬಿಟ್ಟು ನೇರ ಚೀಲಕ್ಕೇ, ಚೀಲಕ್ಕೆ ಎರಡರಂತೆ ಹಾಕಿ.