ವಿಷಯ: ಶಾಕ್ ಅಬ್ಸಾರ್ಬರ್ ಒಸರುತ್ತದೆಯೋ, ಸೋರುತ್ತದೆಯೋ? (ತುರ್ತು)

ಗೆಳೆಯರೇ,

ಹಳೆಯ ಮಾರುತಿ 800, ಅಂಬಾಸಿಡರ್ ಕಾರುಗಳನ್ನೇ ಹೆಚ್ಚಾಗಿ ನೋಡುವ ಗ್ಯಾರೇಜೊಂದಕ್ಕೆ ತಪಾಸಣೆಯ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಮುದ್ರಣಕ್ಕೆ ಹೋಗಬೇಕು. ಶಾಕ್ ಅಬ್ಸಾರ್ಬರಿನ (ಚಕ್ರದ ಬಳಿ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ) ಸ್ಥಿತಿಗೆ ಇಂಗ್ಲಿಷ್ ಚೀಟಿಯಲ್ಲಿ ಮೂರು ಚೌಕಗಳಿವೆ. ಒಂದು, ಒಣಗಿದೆ. ಇನ್ನೊಂದು, ಮೇಲ್ಭಾಗದಲ್ಲಿ ಎಣ್ಣೆಯ ತೆಳು ಪಸೆ ಇದೆ, ಬದಲಿಸಬೇಕಿಲ್ಲ. ಮತ್ತೊಂದು, ಎಣ್ಣೆ ಕೆಳಗೆ ಹರಿದಿದೆ, ಬದಲಿಸಬೇಕು. ಕೊನೆಯ ಎರಡಕ್ಕೂ ‘ಸೋರಿಕೆ’ ಎಂದರೆ ಗಿರಾಕಿ ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾನೆ. ಜೊತೆಗೆ, ಆ ಭಾಗದ ಹೆಸರನ್ನು ‘ಆಘಾತಹೀರಕ’ ಎಂದು ಬರೆಯಬಹುದೇ?

—

ಉತ್ತರ 1

ಖಂಡಿತ ಬೇಡ. ಸಂಸ್ಕೃತದಲ್ಲಿ ‘ಹೀರಕ’ ಎಂದರೆ ವಜ್ರ. ಕನ್ನಡದ ‘ಹೀರು’ವಿಗೆ ಸಂಸ್ಕೃತದ ಬಾಲ ಅಂಟಿಸಿದರೆ ಪದ ಹುಟ್ಟುವುದಿಲ್ಲ. ‘ಕುಲುಕುತಡೆ’ ಎಂದು ಬರೆಯಿರಿ. ನಮ್ಮದೇ ಬೇರುಗಳಿರುವಾಗ ‘ಶಾಕ್ ಅಬ್ಸಾರ್ಬರ್’ ಎಂದು ಬರೆಯುವುದು ಸೋಮಾರಿತನ.

—

ಉತ್ತರ 2

ಕೇಳಿದವರಿಗೆ ನಾಳೆ ಬೆಳಿಗ್ಗೆಯ ಗಡುವಿದೆ. ಅವರು ಕೇಳಿದ ಮೊದಲ ಪ್ರಶ್ನೆಯನ್ನು ಮುಟ್ಟದೆಯೇ ಮೇಲಿನ ಉತ್ತರ ಮುಗಿದಿದೆ.

ಎರಡನೆಯ ಚೌಕಕ್ಕೆ ‘ಒಸರು’, ಮೂರನೆಯದಕ್ಕೆ ‘ಸೋರು’. ಮಣ್ಣಿನ ಹೂಜಿಯ ಮೈಯಲ್ಲಿ ನೀರು ಒಸರುತ್ತದೆ. ಅದನ್ನು ಸೋರುವ ಹೂಜಿ ಎಂದು ಯಾರೂ ಎಸೆಯುವುದಿಲ್ಲ. ಸೋರುವುದಕ್ಕೆ ಬಿರುಕು ಬೇಕು, ಸವಕಳಿ ಬೇಕು. ಶಾಕ್ ಅಬ್ಸಾರ್ಬರಿನಲ್ಲಿ ನಡೆಯುವುದೂ ಇದೇ. ಪಿಸ್ಟನ್ನಿನ ಸಲಾಕೆ ಆಯಿಲ್ ಸೀಲಿನೊಳಗೆ (ಎಣ್ಣೆಯನ್ನು ಒಳಗೇ ತಡೆಯುವ ರಬ್ಬರ್ ಬಳೆ) ಮೇಲೆ ಕೆಳಗೆ ಓಡಾಡುವಾಗ ಎಣ್ಣೆಯ ತೆಳು ಪೊರೆಯೊಂದು ಅದರ ಜೊತೆ ಹೊರಬರುತ್ತದೆ. ಆ ಪೊರೆಯಿಲ್ಲದಿದ್ದರೆ ಸೀಲು ಬೇಗ ಸವೆಯುತ್ತದೆ. ಹಾಗಾಗಿ ಸೀಲಿನ ಹತ್ತಿರ ಮಂಜು ಕವಿದಂತೆ ಕಾಣುವ ಪಸೆ ರೋಗವಲ್ಲ. ಸೀಲಿನ ಅಂಚು ಸವೆದಾಗ, ಅಥವಾ ಸಲಾಕೆಯ ಕ್ರೋಮಿಯಂ ಲೇಪ ತುಕ್ಕು ಹಿಡಿದು ಗುಳಿಬಿದ್ದಾಗ, ಎಣ್ಣೆ ಮೈಮೇಲೆ ಹರಿದು, ಧೂಳು ಕೂಡಿ ಕಪ್ಪು ಜಿಡ್ಡಾಗುತ್ತದೆ. ಅದು ಸೋರಿಕೆ.

‘ಜಿನುಗು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ಜಿನುಗುವುದರಲ್ಲಿ ಹನಿಯ ಎಣಿಕೆಯಿದೆ, ಒಸರುವುದರಲ್ಲಿ ಇಲ್ಲ. ಹನಿ ಬೀಳುತ್ತಿದ್ದರೆ ಅದು ಆಗಲೇ ಮೂರನೆಯ ಚೌಕ.

ನನ್ನ ಸಲಹೆ ಹೀಗಿದೆ: ‘ಒಣಗಿದೆ’, ‘ಎಣ್ಣೆ ಒಸರಿದೆ, ಒರೆಸಿ ಮತ್ತೆ ನೋಡಿ’, ‘ಎಣ್ಣೆ ಸೋರುತ್ತಿದೆ, ಬದಲಿಸಿ’. ‘ಒರೆಸಿ’ ಎಂಬುದನ್ನು ದಯವಿಟ್ಟು ಬಿಡಬೇಡಿ. ಹಳೆಯ ಕಾರಿನಲ್ಲಿ ಚಕ್ರದ ಹಿಂದೆ ಕಾಣುವ ಎಣ್ಣೆಯೆಲ್ಲ ಶಾಕ್ ಅಬ್ಸಾರ್ಬರಿನದಲ್ಲ. ಹರಿದ ಆಕ್ಸಲ್ ಬೂಟಿನಿಂದ (ಆಕ್ಸಲ್ ಕೀಲಿನ ರಬ್ಬರ್ ಹೊದಿಕೆ) ಗ್ರೀಸ್ ಸಿಡಿದಿರಬಹುದು. ಬ್ರೇಕ್ ಆಯಿಲ್ ಆಗಿದ್ದರಂತೂ ಗಾಡಿಯನ್ನು ಅಲ್ಲಿಂದ ಕದಲಿಸಬಾರದು. ಬ್ರೇಕ್ ಆಯಿಲ್ ಅಲ್ಲವೆಂದು ಖಚಿತವಾದ ಮೇಲೆ ಒರೆಸಿ, ಸ್ವಲ್ಪ ದಿನ ಓಡಿಸಿ, ಮತ್ತೆ ನೋಡಿದರೆ ಮೂಲ ಗೊತ್ತಾಗುತ್ತದೆ. ಕಾರಿನ ಮೂಲೆಯನ್ನು ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ನಿಲ್ಲಬೇಕು. ಮತ್ತೆ ಮತ್ತೆ ತೂಗಿದರೆ, ಹೊರಗೆ ಎಣ್ಣೆ ಕಾಣದಿದ್ದರೂ ಒಳಗೆ ಕೆಟ್ಟಿದೆ. ಇದಕ್ಕೊಂದು ಚೌಕ ಮೂಲದಲ್ಲಿಲ್ಲದಿದ್ದರೆ ಸೇರಿಸಲು ಗ್ಯಾರೇಜಿನವರಿಗೆ ಹೇಳಿ.

ಇನ್ನು ‘ಜೋಡಿಯಾಗಿ ಬದಲಿಸಿ’ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ‘ಎಡ-ಬಲ ಎರಡನ್ನೂ ಬದಲಿಸಿ’ ಎಂದು ಬರೆಯಿರಿ. ಬರೀ ಜೋಡಿ ಎಂದರೆ ಹಿಂದೊಂದು ಮುಂದೊಂದು ಎಂದೂ ಓದಬಹುದು. ಮಾರುತಿಯ ಮುಂಭಾಗದ್ದು ಸ್ಟ್ರಟ್. ಅಲ್ಲಿ ಅದುಮಿಟ್ಟ ಸ್ಪ್ರಿಂಗಿನ ನಡುವೆಯೇ ಶಾಕ್ ಅಬ್ಸಾರ್ಬರ್ ಇರುತ್ತದೆ. ಸ್ಪ್ರಿಂಗನ್ನು ಕ್ಲಾಂಪಿನಲ್ಲಿ ಬಿಗಿಹಿಡಿಯದೆ ಮೇಲಿನ ನಟ್ಟು ಬಿಚ್ಚಿದರೆ ಜೀವಕ್ಕೇ ಅಪಾಯ. ಅಲ್ಲಿ ‘ಎಚ್ಚರಿಕೆ’ ಎಂಬ ಪದವೊಂದೇ ಸಾಲದು, ಕಾರಣವನ್ನೂ ಬರೆಯಿರಿ.

ಹೆಸರಿನ ವಿಚಾರ. ರಸ್ತೆಯ ಗುಂಡಿಯ ಹೊಡೆತವನ್ನು ತಿನ್ನುವುದು ಸ್ಪ್ರಿಂಗು. ಆಮೇಲೆ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ತಡೆಯುವುದಷ್ಟೇ ಈ ಭಾಗದ ಕೆಲಸ. ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ನುಗ್ಗಿಸಿ, ಕುಣಿತವನ್ನು ಕಾವಾಗಿ ಮಾರ್ಪಡಿಸುತ್ತದೆ. ಬ್ರಿಟನ್ನಿನವರು ಇದನ್ನು ‘ಡ್ಯಾಂಪರ್’ ಎನ್ನುವುದು ಅದಕ್ಕೇ. ‘ಆಘಾತಹೀರಕ’ ಅಮೆರಿಕದ ಹೆಸರಿನ ತಪ್ಪನ್ನು ಕನ್ನಡಕ್ಕೆ ಹೊತ್ತು ತಂದಿದೆ. ‘ಕುಲುಕುತಡೆ’ ಅರ್ಥದಲ್ಲಿ ಅದಕ್ಕಿಂತ ಎಷ್ಟೋ ಸರಿ, ಒಪ್ಪುತ್ತೇನೆ. ಆದರೆ ನಾಳೆ ಆ ಚೀಟಿ ಹಿಡಿದು ಕಾರಿನಡಿ ಮಲಗುವ ಮೆಕ್ಯಾನಿಕ್‌ಗೆ ಅದು ಯಾವ ಭಾಗವೆಂದು ಯಾರು ಹೇಳುತ್ತಾರೆ? ‘ಶಾಕ್ ಅಬ್ಸಾರ್ಬರ್’ ಎಂದೇ ಬರೆಯಿರಿ.

ಸೋಮಾರಿತನದ ಆರೋಪವನ್ನು ನಾನು ಒಪ್ಪುವುದಿಲ್ಲ. ಅಂಬಾಸಿಡರಿನ ಹಿಂಭಾಗದ ಪಟ್ಟಿ ಸ್ಪ್ರಿಂಗಿಗೆ ನಾವು ಹೇಳುವ ‘ಕಮಾನು’ ಪಾರಸಿಯ ಬಿಲ್ಲು. ಆ ಕಾರಿನ ‘ಚಾವಿ’ ಪೋರ್ಚುಗೀಸರದು. ವಸ್ತುಗಳ ಹೆಸರು ಹೊರಗಿನಿಂದ ಬಂದರೆ ಭಾಷೆ ಬಡವಾಗುವುದಿಲ್ಲ. ಒಸರು, ಸೋರು, ತೊಟ್ಟಿಕ್ಕು ಎಂಬ ಕ್ರಿಯಾಪದಗಳನ್ನೆಲ್ಲ ಬಿಟ್ಟು ‘ಲೀಕ್ ಆಗು’ ಒಂದರಲ್ಲೇ ಸಂಸಾರ ಮಾಡಿದರೆ ಬಡವಾಗುತ್ತದೆ. ಕಾಯಬೇಕಾದದ್ದು ಅಲ್ಲಿ.

—

ಉತ್ತರ 3

‘ಒಸರು’ ಒಪ್ಪಿದೆ, ಹಳಗನ್ನಡದಲ್ಲೂ ಇದೆ. ಕಮಾನಿನ ಉದಾಹರಣೆ ಒಪ್ಪುವುದಿಲ್ಲ. ಅದು ನಾಲಿಗೆಯಲ್ಲಿ ಸವೆದು ನಮ್ಮದಾದ ಪದ. ‘ಶಾಕ್ ಅಬ್ಸಾರ್ಬರ್’ ಇನ್ನೂ ಸವೆದಿಲ್ಲ. ಬರೆಯಲೇಬೇಕೆಂದರೆ ಗ್ಯಾರೇಜಿನವರ ಬಾಯಲ್ಲಿರುವಂತೆ ‘ಶಾಕಬ್ಸರ್’ ಎಂದೇ ಬರೆಯಿರಿ.

—

ಕೇಳಿದವರಿಂದ

ಒಸರು, ಸೋರು ಎರಡನ್ನೂ ತೆಗೆದುಕೊಂಡೆ. ಅದುಮಿ ನೋಡುವ ಚೌಕಕ್ಕೆ ಗ್ಯಾರೇಜಿನವರು ಒಪ್ಪಿದ್ದಾರೆ. ಚೀಟಿಯಲ್ಲಿ ‘ಶಾಕ್ ಅಬ್ಸಾರ್ಬರ್’ ಎಂದೇ ಇರುತ್ತದೆ. ಕಮಾನಿನ ಕೊಂಡಿಗಳ ರಬ್ಬರ್ ಬುಷ್ ‘ಸೀಳಿದೆ’ ಎನ್ನಬೇಕೋ ‘ಬಿರಿದಿದೆ’ ಎನ್ನಬೇಕೋ, ರಾತ್ರಿಯೊಳಗೆ ಯಾರಾದರೂ ತಿಳಿಸಿ.