ಸಹಾಯ ಬೇಕು: ನಾರ್ವೇಜಿಯನ್‌ನಲ್ಲಿ 'ಪೋಲೆಗ್' ಅಂದ್ರೆ ತಿನ್ನೋದಾ, ಆದೇಶಾನಾ?

ಎಲ್ರಿಗೂ ನಮಸ್ಕಾರ, ನಾರ್ವೆಲಿರೋ ಕನ್ನಡದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ಬರ್ಗೆನ್‌ಗೆ ಬಂದು ಎಂಟು ತಿಂಗ್ಳಾಯ್ತು, ಈ ಪೋಲೆಗ್ ಅನ್ನೋ ಪದ ಅಂಗಡೀಲಿ ದಿನಾ ನೋಡ್ತೀನಿ, ಬ್ರೆಡ್ ಮೇಲೆ ಹಾಕ್ಕೊಳೋದು ಏನೇ ಇರ್ಲಿ, ಆ ಕಂದು ಬಣ್ಣದ ಸಿಹಿ ಬ್ರೂನೋಸ್ಟ್ ಚೀಸು, ಟೊಮ್ಯಾಟೊ ಸಾಸಲ್ಲಿರೋ ಬಂಗುಡೆ, ಜಾಮು, ಎಲ್ಲಕ್ಕೂ ಇದೊಂದೇ ಪದ. ನಾವು ರೊಟ್ಟಿಗೆ 'ನಂಚ್ಕೊಳಕ್ಕೆ ಏನಿದೆ' ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ ಅಂದ್ಕೊಂಡಿದ್ದೆ.

ಮೊನ್ನೆ ಬಿಲ್ಡಿಂಗ್ ಬಾಗಿಲಿಗೆ ಒಂದು ನೋಟೀಸು, ಮೇಲೆ ದಪ್ಪಕ್ಷರದಲ್ಲಿ ಪೋಲೆಗ್, ಕೆಳಗೊಂದು ಡೇಟು. ಯಾರೋ ತಿಂಡಿಗೆ ಕರೀತಿದಾರೆ ಅಂತ ಖುಷಿಪಟ್ಟೆ 😅 ಪಕ್ಕದ್ಮನೆ ಆಂಟಿ ನಕ್ಕು, ಅಲ್ಲಮ್ಮ ಇದು ಆದೇಶ, ಮೆಟ್ಟಿಲ ಹತ್ರ ಇಟ್ಟಿರೋ ಸೈಕಲ್ ಅಷ್ಟರೊಳಗೆ ತೆಗೀಲೇಬೇಕು ಅಂದ್ರು. ಸಂಬಳ ಜಾಸ್ತಿ ಆದ್ರೂ ಲೊನ್ಸ್‌ಪೋಲೆಗ್ ಅಂತಾರಂತೆ!

'ಪೋ' ಅಂದ್ರೆ ಮೇಲೆ, 'ಲೆಗ್ಗೆ' ಅಂದ್ರೆ ಇಡೋದು, ಸೋ 'ಮೇಲೆ ಇಟ್ಟಿದ್ದು'. ನಮ್ಮಲ್ಲೂ ಗಾಡಿಗೆ ಮೂಟೆ ಹೇರ್ತೀವಿ, ಜನರ ಮೇಲೆ ತೆರಿಗೆನೂ ಹೇರ್ತಾರೆ, ಅದೇ ಲಾಜಿಕ್ ಇರ್ಬೇಕು ಅನ್ಸುತ್ತೆ, ಸರೀನಾ?

ಆದೇಶಕ್ಕೆ 'ಎಟ್ ಪೋಲೆಗ್' ಅಂತ ಮುಂದೆ 'ಎಟ್' (ಇಂಗ್ಲಿಷಿನ 'a' ಥರ, 'ಒಂದು' ಅಂತ) ಹಾಕ್ತಾರೆ, ತಿನ್ನೋದಕ್ಕೂ ಹಾಗೆ ಹೇಳ್ಬೋದಾ ಇಲ್ಲ ಬರೀ ಪೋಲೆಗ್ ಸಾಕಾ? ಬೆಣ್ಣೆ ಇದ್ರಲ್ಲಿ ಸೇರುತ್ತಾ? ಇನ್ನೊಂದು, ಮಗಳ ಡಬ್ಬಿಗೆ ಬ್ರೆಡ್ ಮೇಲೆ ತುಪ್ಪ ಚಟ್ನಿಪುಡಿ ಹಾಕಿ ಕಳಿಸ್ತೀನಿ, ಟೀಚರ್ ಕೇಳಿದ್ರೆ ಇದೂ ಪೋಲೆಗ್ಗೇ ಅಂತ ಹೇಳ್ಬೋದಲ್ವಾ?